ಕಲ್ಲುಗಳನ್ನು ತೂಗಿ ನೋಡಿದ ಅಲ್-ಬಿರೂನಿ

ಅಬೂ ರೈಹಾನ್ ಅಲ್-ಬಿರೂನಿ ಅವರನ್ನು ಇತಿಹಾಸದ ಪಾಠದಲ್ಲಿ ನಾವು ಭಾರತದ ಬಗ್ಗೆ ಗ್ರಂಥ ಬರೆದ ವಿದ್ವಾಂಸರೆಂದು ಓದುತ್ತೇವೆ. ವಿಜ್ಞಾನ ವಿಭಾಗದಲ್ಲಿ ಓದುತ್ತಿರುವ ನನಗೆ ಅವರು ಹತ್ತಿರವಾದದ್ದು ಕಲ್ಲುಗಳಿಂದ.

ಅವರು 973ರಲ್ಲಿ ಖ್ವಾರಿಜ್ಮ್‌ನಲ್ಲಿ, ಅಂದರೆ ಇಂದಿನ ಉಜ್ಬೇಕಿಸ್ತಾನದಲ್ಲಿ ಹುಟ್ಟಿದರು. 1017ರಲ್ಲಿ ಘಜ್ನಿಯ ಸುಲ್ತಾನ ಮಹಮೂದ್ ಆ ರಾಜ್ಯವನ್ನು ಗೆದ್ದು, ಅಲ್ಲಿನ ವಿದ್ವಾಂಸರೊಂದಿಗೆ ಇವರನ್ನೂ ತನ್ನ ರಾಜಧಾನಿಗೆ ಕರೆದೊಯ್ದನು. ತಾವಾಗಿ ಬಯಸಿ ಹೋದದ್ದಲ್ಲ. ಮುಂದೆ ಪಂಜಾಬಿನ ಕಡೆಗೆ ಬಂದರು, ಸಂಸ್ಕೃತ ಕಲಿತರು, ಸುಮಾರು 1030ರಲ್ಲಿ ಭಾರತದ ಕುರಿತ ಗ್ರಂಥ ಬರೆದರು. ಮಹಮೂದನ ದಂಡಯಾತ್ರೆಗಳಿಂದ ಈ ನಾಡಿನ ಸಮೃದ್ಧಿ ಹಾಳಾಯಿತೆಂದು ಅದರಲ್ಲಿ ಬರೆಯಲು ಅವರು ಹೆದರಲಿಲ್ಲ.

ನದಿಯ ಕಲ್ಲುಗಳ ವಿಷಯ ಬರುವುದೂ ಅದೇ ಗ್ರಂಥದಲ್ಲಿ. ಬೆಟ್ಟದ ಹತ್ತಿರ, ನೀರು ರಭಸದಿಂದ ಹರಿಯುವಲ್ಲಿ ಕಲ್ಲುಗಳು ದೊಡ್ಡವು. ದೂರ ಹೋದಂತೆ ಅವು ಚಿಕ್ಕದಾಗುತ್ತವೆ, ಸಮುದ್ರದ ಬಳಿ ಬರೀ ಮರಳು. ನೆಲವನ್ನು ಎಷ್ಟು ಆಳ ಅಗೆದರೂ ಅಂಥದೇ ದುಂಡು ಕಲ್ಲುಗಳು! ಹಾಗಾದರೆ ಈ ಬಯಲು ಒಂದು ಕಾಲದಲ್ಲಿ ಸಮುದ್ರವಾಗಿತ್ತು, ನದಿಗಳು ತಂದ ಮಣ್ಣು ಅದನ್ನು ತುಂಬಿತು ಎಂದು ಅವರು ತೀರ್ಮಾನಿಸಿದರು. ಸಾವಿರ ವರ್ಷಗಳ ಹಿಂದೆ, ಕೇವಲ ಕಲ್ಲಿನ ಆಕಾರ ನೋಡಿ!

ಕಲ್ಲನ್ನು ಗುರುತಿಸುವುದು ಇನ್ನೊಂದು ಸಮಸ್ಯೆ. ಸಿಂಹಳದ ಮಾಣಿಕ್ಯಗಳು ಸಿಗುವುದು ಹೊಳೆಯ ಜಲ್ಲಿಯಲ್ಲೇ. ಅದೇ ಕೆಂಪು ಬಣ್ಣದ 'ಲಾಲ್' ಎಂಬ ಕಲ್ಲೂ ಇದೆ. ಇಂದು ಅದನ್ನು ಸ್ಪಿನೆಲ್ ಎನ್ನುತ್ತಾರೆ. ಕಣ್ಣಿಗೆ ಎರಡೂ ಒಂದೇ. ಬಿರೂನಿ ಬಣ್ಣವನ್ನು ನಂಬಲಿಲ್ಲ, ತೂಗಿದರು. ಶಂಕುವಿನಾಕಾರದ ಪಾತ್ರೆ, ಅದಕ್ಕೆ ಕಿರಿದಾದ ಕುತ್ತಿಗೆ, ಪಕ್ಕದಲ್ಲಿ ಬಾಗಿದ ಕೊಳವೆ. ಪಾತ್ರೆಯಲ್ಲಿ ನೀರು ತುಂಬಿ, ತೂಗಿದ ಕಲ್ಲನ್ನು ಒಳಗೆ ಬಿಟ್ಟರೆ ಅದರ ಗಾತ್ರದಷ್ಟು ನೀರು ಕೊಳವೆಯಿಂದ ತಕ್ಕಡಿಯ ತಟ್ಟೆಗೆ ಬೀಳುತ್ತದೆ. ಕುತ್ತಿಗೆ ಕಿರಿದಾದ್ದರಿಂದ ಸಣ್ಣ ಹರಳಿಗೂ ನೀರು ಏರುವುದು ಕಾಣುತ್ತದೆ. ನಮ್ಮ ಪ್ರಯೋಗಾಲಯದಲ್ಲಿ ಸಾಪೇಕ್ಷ ಸಾಂದ್ರತೆ ಕಂಡುಹಿಡಿಯುವುದೂ ಇದೇ ತತ್ತ್ವದಿಂದ. ಇಂದಿನ ಲೆಕ್ಕದಲ್ಲಿ ಮಾಣಿಕ್ಯ ಸುಮಾರು 4, ಸ್ಪಿನೆಲ್ 3.6, ಸ್ಫಟಿಕ 2.65. ರತ್ನಗಳನ್ನು ಹೋಲಿಸಲು ಬಿರೂನಿ ನೀಲಮಣಿಯನ್ನು 100 ಎಂದು ಇಟ್ಟುಕೊಂಡಿದ್ದರು. ಅವರ ಅಳತೆಗಳು ಇಂದಿನವಕ್ಕೆ ತುಂಬಾ ಹತ್ತಿರವಾಗಿವೆ.

ರತ್ನಗಳ ಮೇಲಿನ 'ಕಿತಾಬುಲ್ ಜಮಾಹಿರ್' ಬರೆದದ್ದು ಮುಪ್ಪಿನಲ್ಲಿ, ಮಹಮೂದನ ಮೊಮ್ಮಗ ಸುಲ್ತಾನ ಮೌದೂದನ ಕಾಲದಲ್ಲಿ. ಸುಮಾರು 1048ರಲ್ಲಿ ಘಜ್ನಿಯಲ್ಲೇ ತೀರಿಕೊಂಡರು. ಆ ಪುಸ್ತಕದಲ್ಲಿ ನನಗೆ ಬಹಳ ಹಿಡಿಸಿದ್ದು ಹಾವಿನ ಪ್ರಸಂಗ. ಪಚ್ಚೆಯನ್ನು ನೋಡಿದರೆ ಹಾವಿನ ಕಣ್ಣು ಹೋಗುತ್ತದೆ ಎಂದು ಜನ ನಂಬಿದ್ದರು, ಪಂಡಿತರೂ ಬರೆದಿದ್ದರು. ಬಿರೂನಿ ಒಂದು ಹಾವಿಗೆ ಪಚ್ಚೆಯ ಹಾರ ಹಾಕಿದರು, ಅದರ ಬುಟ್ಟಿಯಲ್ಲಿ ಪಚ್ಚೆ ಹರಡಿದರು, ಕಣ್ಣೆದುರು ಹಿಡಿದು ಆಡಿಸಿದರು. ಬಿಸಿಲಲ್ಲೂ ಚಳಿಯಲ್ಲೂ ಒಂಬತ್ತು ತಿಂಗಳು ಇದೇ ಪರೀಕ್ಷೆ. ಹಾವಿನ ಕಣ್ಣಿಗೆ ಏನೂ ಆಗಲಿಲ್ಲ.