ಉಗಿಬಂಡಿಗೆ ಹಾದಿ ತೆರೆದ ನಾನಾ ಶಂಕರಶೇಟ್

ಬೆಳಗಿನ ಜಾವ ಹೋಟೆಲಿನ ಒಲೆ ಹೊತ್ತಿಸಬೇಕಾದವರೂ, ಹತ್ತು ಗಂಟೆಗೆ ಹಾಜರಿ ಪುಸ್ತಕಕ್ಕೆ ಸಹಿ ಹಾಕಬೇಕಾದ ಗುಮಾಸ್ತರೂ ಆದ ನಾವು ಠಾಕುರ್ಲಿಯ ನಿಲ್ದಾಣದಲ್ಲಿ ಗಾಡಿಗಾಗಿ ಕಾದು ನಿಲ್ಲುತ್ತೇವೆ. ಗಾಡಿ ಐದು ನಿಮಿಷ ತಡವಾದರೆ ರೈಲ್ವೆಯನ್ನು ಶಪಿಸುತ್ತೇವೆ. ಆದರೆ ಈ ಹಾದಿಗಾಗಿ ಶ್ರಮಿಸಿದ ಹಿರಿಯರನ್ನು ನೆನೆಯುವವರು ನಮ್ಮಲ್ಲಿ ವಿರಳ. ಅಂಥ ಹಿರಿಯರಲ್ಲಿ ಅಗ್ರಗಣ್ಯರು ಜಗನ್ನಾಥ ಶಂಕರಶೇಟರು. ಜನರ ಬಾಯಲ್ಲಿ ನಾನಾ.

ಠಾಣೆ ಜಿಲ್ಲೆಯ ಮುರಬಾಡ ಮೂಲದ, ನಮ್ಮ ಕರಾವಳಿಗೂ ಪರಿಚಿತವಾದ ದೈವಜ್ಞ ಸಮಾಜದ ಮನೆತನದಲ್ಲಿ ಅವರು 1803ರಲ್ಲಿ ಜನಿಸಿದರು. ತಾರುಣ್ಯದಲ್ಲಿಯೇ ತಂದೆಯ ವ್ಯಾಪಾರದ ಹೊಣೆ ಹೊತ್ತರು. ಅರಬ ಹಾಗೂ ಅಫಘಾನ ವರ್ತಕರು ಬ್ಯಾಂಕುಗಳಿಗಿಂತ ಅವರನ್ನೇ ನಂಬಿ ತಮ್ಮ ಹಣವನ್ನು ಒಪ್ಪಿಸುತ್ತಿದ್ದರೆಂಬ ಪ್ರತೀತಿಯಿದೆ.

ಆ ಕಾಲದಲ್ಲಿ ದಖ್ಖಣದ ಹತ್ತಿಯು ಎತ್ತುಗಳ ಬೆನ್ನೇರಿ ಘಟ್ಟವಿಳಿದು ಮುಂಬಯಿ ಸೇರಬೇಕಿತ್ತು. ದಾರಿಯ ಧೂಳಿಗೂ ಮಳೆಗೂ ಸಿಕ್ಕಿ ಅದು ಕೆಡುತ್ತಿತ್ತು. ನಮ್ಮ ಧಾರವಾಡದ ಹತ್ತಿಯಾದರೋ ಕುಮಟೆಯ ಬಂದರಿಗಿಳಿದು, ಹಡಗೇರಿ ಇಲ್ಲಿಗೆ ಬರುತ್ತಿತ್ತು. ಸರಕು ಸಾಗಣೆಯ ಈ ಸಂಕಟವೇ ರೈಲಿನ ಹುಟ್ಟಿಗೆ ಮುಖ್ಯ ಕಾರಣವಾಯಿತು. ಪ್ರಯಾಣಿಕರ ಅನುಕೂಲವು ಆಮೇಲಿನ ಮಾತು. 1845ರಲ್ಲಿ ನಾನಾ ಅವರು ಸರ್ ಜಮಶೇಟಜಿ ಜೀಜೀಭಾಯಿಯವರೊಡನೆ ಸೇರಿ ಇಂಡಿಯನ್ ರೈಲ್ವೆ ಅಸೋಸಿಯೇಶನ್ನನ್ನು ಕಟ್ಟಿದರು. ಮುಂದೆ ಜಿ.ಐ.ಪಿ. ರೈಲ್ವೆ ಕಂಪನಿಯ ನಿರ್ದೇಶಕರೂ ಆದರು.

1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ 14 ಡಬ್ಬಿಗಳ ಮೊದಲ ಗಾಡಿ 21 ಮೈಲು ಓಡಿತು. ಮರುವರ್ಷದ ಮೇ 1ರಂದು ಠಾಕುರ್ಲಿಯ ಬಯಲನ್ನು ಹಾಯ್ದು ಹಳಿಯು ಕಲ್ಯಾಣವನ್ನು ಮುಟ್ಟಿತು. 1863ರಲ್ಲಿ ಭೋರಘಾಟವನ್ನೂ, 1865ರಲ್ಲಿ ಥಳಘಾಟವನ್ನೂ ಗಾಡಿ ಏರಿತು. ಆ ಘಟ್ಟಗಳನ್ನು ಕಡಿಯುವಾಗ ರೋಗಕ್ಕೂ ಅಪಘಾತಕ್ಕೂ ತುತ್ತಾದ ಕೂಲಿಗಳು ಅಸಂಖ್ಯರು. ನಿರ್ದೇಶಕರ ಹೆಸರು ಉಳಿಯಿತು, ಕೂಲಿಗಳ ಹೆಸರು ಅಳಿಯಿತು. ಕೈದುಡಿಮೆಯಿಂದಲೇ ಬಾಳುವ ನಾವಾದರೂ ಅವರನ್ನು ಮರೆಯಲಾಗದು.

ಆದರೆ ನಾನಾ ಅವರು ಕೇವಲ ಧನಿಕರಾಗಿ ಬಾಳಿದವರಲ್ಲ. ಸಂಪ್ರದಾಯಸ್ಥರ ವಿರೋಧವಿದ್ದಾಗಲೂ ಹೆಣ್ಣುಮಕ್ಕಳ ಶಾಲೆಗೆ ಆಶ್ರಯವಿತ್ತರು. ಸೋನಾಪುರದ ಸ್ಮಶಾನವನ್ನು ದೂರದ ಶಿವಡಿಗೆ ಒಯ್ಯಲು ಸರಕಾರ ಹೊರಟಾಗ ಜನರ ಪರವಾಗಿ ನಿಂತು ಅದನ್ನು ತಡೆದರು. 1857ರ ದಂಗೆಯ ಕಾಲದಲ್ಲಿ ಆಂಗ್ಲರ ಸಂಶಯಕ್ಕೂ ಗುರಿಯಾದರು; ಆಧಾರ ದೊರೆಯದೆ ಪಾರಾದರು. ಅದೇ ಆಂಗ್ಲರ ಆಳ್ವಿಕೆಯಲ್ಲಿ ಮುಂಬಯಿಯ ಶಾಸನಸಭೆಯಲ್ಲಿ ಸ್ಥಾನವನ್ನೂ ಪಡೆದರು.

ಘಟ್ಟವೇರಿದ ಗಾಡಿಯನ್ನು ಕಂಡ 1865ರಲ್ಲಿಯೇ, ಜುಲೈ 31ರಂದು ಅವರು ತೀರಿಕೊಂಡರು. ಆ ಬಳಿಕ ಉಗಿ ಹೋಗಿ ವಿದ್ಯುತ್ತು ಬಂದಿತು. ಅದಕ್ಕಾಗಿ ಠಾಕುರ್ಲಿಯಲ್ಲಿ ರೈಲ್ವೆಯ ವಿದ್ಯುದಾಗಾರವೂ ಎದ್ದಿತು. ಕಾಲಾಂತರದಲ್ಲಿ ಅದೂ ನಿಂತಿತು. ಹಾದಿ ಮಾತ್ರ ನಿಂತಿಲ್ಲ. ಹತ್ತಿಗಾಗಿ ಹಾಕಿದ ಹಳಿಯು ಇಂದು ನಮ್ಮ ಅನ್ನದ ಹಾದಿಯಾಗಿದೆ. ನಾಳೆ ಗಾಡಿ ತಡವಾದಾಗ, ಶಪಿಸುವ ಮುನ್ನ ನಾನಾ ಅವರನ್ನೂ, ಹೆಸರಿಲ್ಲದ ಆ ಕೂಲಿಗಳನ್ನೂ ಒಮ್ಮೆ ನೆನೆಯೋಣ.