ಪಾಪಾಯ್‌ಗೆ ಪಾಲಕ್ ತಿನ್ನಿಸಿದ ಮ್ಯಾಕ್ಸ್ ಫ್ಲೈಶರ್

ರೋಣ, ನರಗುಂದ, ಗಜೇಂದ್ರಗಡದ ಕಡೆ ರೊಟ್ಟಿಗೆ ಪುಂಡಿಪಲ್ಯ, ಮೆಂತೆಪಲ್ಯ, ಹಸಿ ಹಕ್ಕರಕಿ ಎಂದು ತಪ್ಪಲಪಲ್ಯಕ್ಕೆ ಕೊರತೆಯಿಲ್ಲ. ಆದರೂ ರಕ್ತ ಕಡಿಮೆ ಎಂದ ಕೂಡಲೇ ಇಲ್ಲಿಯೂ ಸಿಗುವ ಸಲಹೆ: ಪಾಲಕ್ ತಿನ್ನಿ. ಈ ನಂಬಿಕೆಗೆ ಬಲ ತುಂಬಿದವನು ಒಬ್ಬ ಕಾರ್ಟೂನ್ ನಾವಿಕ, ಪಾಪಾಯ್. ಅವನನ್ನು ತೆರೆಗೆ ತಂದವರು ಮ್ಯಾಕ್ಸ್ ಫ್ಲೈಶರ್.

1883ರಲ್ಲಿ ಇಂದಿನ ಪೋಲೆಂಡಿನ ಕ್ರಾಕೋವ್‌ನಲ್ಲಿ ಹುಟ್ಟಿದ ಮ್ಯಾಕ್ಸ್ ಬೆಳೆದದ್ದು ನ್ಯೂಯಾರ್ಕ್‌ನಲ್ಲಿ. ವಿಜ್ಞಾನ ಪತ್ರಿಕೆಯೊಂದರ ಕಲಾ ಸಂಪಾದಕರಾಗಿದ್ದ ಅವರಿಗೆ ಯಂತ್ರಗಳ ಹುಚ್ಚು. ತಮ್ಮ ಡೇವ್‌ಗೆ ವಿದೂಷಕನ ವೇಷ ಹಾಕಿ ಕುಣಿಸಿ, ಚಿತ್ರೀಕರಿಸಿ, ಆ ಫಿಲ್ಮನ್ನು ಒಂದೊಂದೇ ಚೌಕಟ್ಟಾಗಿ ಗಾಜಿನ ಮೇಲೆ ಬೀಳಿಸಿ ತಿದ್ದಿಕೊಂಡರು. ಕಾರ್ಟೂನು ಮನುಷ್ಯರಂತೆ ನಡೆಯತೊಡಗಿತು! ಈ ರೋಟೊಸ್ಕೋಪ್‌ಗೆ 1917ರಲ್ಲಿ ಪೇಟೆಂಟ್ ಸಿಕ್ಕಿತು. 1923ರಲ್ಲಿ ಅವರು ಐನ್‌ಸ್ಟೈನರ ಸಾಪೇಕ್ಷತೆಯನ್ನು ವಿವರಿಸುವ ಚಿತ್ರವನ್ನೂ ಹೊರತಂದರು. ಹಾಡಿನ ಸಾಲಿನ ಮೇಲೆ ಚೆಂಡು ಕುಪ್ಪಳಿಸುತ್ತ ಪ್ರೇಕ್ಷಕರನ್ನು ಹಾಡಿಸುವ ಉಪಾಯವೂ ಅವರದೇ. ಇಂದಿನ ಕರೋಕೆಯ ಅಜ್ಜ ಎನ್ನಬಹುದು.

1933ರಲ್ಲಿ ಪಾಪಾಯ್ ಬಂದ. ನಿರ್ದೇಶಕ ಡೇವ್, ನಿರ್ಮಾಪಕ ಮ್ಯಾಕ್ಸ್. ಸೀಗರ್ ಬರೆಯುತ್ತಿದ್ದ ಮೂಲ ಪತ್ರಿಕಾ ಕಾರ್ಟೂನಿನಲ್ಲಿ ಪಾಲಕ್ ಅಪರೂಪಕ್ಕೆ ಬರುತ್ತಿತ್ತು, ಅದೂ 1932ರಲ್ಲಿ ವಿಟಮಿನ್ ಎ ಹೆಸರಿನಲ್ಲಿ. ಫ್ಲೈಶರ್ ಸಹೋದರರು ಡಬ್ಬಿಯನ್ನೇ ಕಥೆಯ ಕೀಲಿಯಾಗಿಸಿದರು. ವಿಜ್ಞಾನಿಯೊಬ್ಬರು ದಶಾಂಶ ಬಿಂದು ತಪ್ಪಿಟ್ಟಿದ್ದರಿಂದ ಪಾಲಕ್‌ಗೆ ಹತ್ತುಪಟ್ಟು ಕಬ್ಬಿಣದ ಖ್ಯಾತಿ ಬಂತು, ಅದಕ್ಕೇ ಪಾಪಾಯ್ ಅದನ್ನು ತಿಂದ ಎಂಬ ಕಥೆಯನ್ನು ನೀವೂ ಓದಿರಬಹುದು. ಅದಕ್ಕೆ ಆಧಾರವಿಲ್ಲ. ಮಿಥ್ಯೆಯನ್ನು ಒಡೆಯಲು ಬಂದದ್ದೇ ಇನ್ನೊಂದು ಮಿಥ್ಯೆಯಾಯಿತು.

100 ಗ್ರಾಂ ಹಸಿ ಪಾಲಕ್‌ನಲ್ಲಿ ಸುಮಾರು 2.7 ಮಿಲಿಗ್ರಾಂ ಕಬ್ಬಿಣವಿದೆ. ಅದರಲ್ಲಿ ದೇಹ ಹೀರಿಕೊಳ್ಳುವುದು ಸ್ವಲ್ಪವೇ. ಊಟಕ್ಕೆ ಲಿಂಬೆ ಹಿಂಡಿಕೊಂಡರೆ ಹೀರಿಕೆ ಹೆಚ್ಚುತ್ತದೆ, ಊಟದ ಬೆನ್ನಿಗೇ ಚಹಾ ಕುಡಿದರೆ ತಗ್ಗುತ್ತದೆ. ರಕ್ತಹೀನತೆಯಿರುವ ಬಸುರಿಗೆ ವೈದ್ಯರು ಬರೆದುಕೊಟ್ಟ ಕಬ್ಬಿಣದ ಮಾತ್ರೆ ಬಿಡಿಸಿ, ಸೊಪ್ಪೊಂದೇ ಸಾಕೆನ್ನುವುದು ಅಪಾಯ.

ಮ್ಯಾಕ್ಸ್‌ರ ಅದೃಷ್ಟ ಮುಂದೆ ಕೈಕೊಟ್ಟಿತು. 1937ರಲ್ಲಿ ಸ್ಟುಡಿಯೋದಲ್ಲಿ ಮುಷ್ಕರ, ಮರುವರ್ಷ ಮಯಾಮಿಗೆ ವಲಸೆ, ಮೈಮೇಲೆ ಸಾಲ. ಸೂಪರ್‌ಮ್ಯಾನ್ ಸರಣಿ ಗೆದ್ದರೂ ಅಣ್ಣತಮ್ಮಂದಿರ ಮಾತುಕತೆಯೇ ನಿಂತಿತ್ತು. 1942ರ ಹೊತ್ತಿಗೆ ಸ್ಟುಡಿಯೋ ಪ್ಯಾರಾಮೌಂಟ್ ಕೈಸೇರಿತು. ಪಾಪಾಯ್ ಚಿತ್ರಗಳು ಅವರಿಲ್ಲದೆಯೇ ಮುಂದುವರಿದವು. 1972ರಲ್ಲಿ ಮ್ಯಾಕ್ಸ್ ತೀರಿಕೊಂಡದ್ದು ಚಿತ್ರರಂಗದ ವೃದ್ಧರಿಗಾಗಿ ಇದ್ದ ಆಶ್ರಯಧಾಮದಲ್ಲಿ.