ರತ್ನಗಂಬಳಿಯನ್ನು ತೆಗೆಸಿದ ವಿನ್ಯಾಸಕಾರ: ಹೆನ್ರಿ ಡ್ರೈಫಸ್

ಗಲ್ಲೆಯ ಮೇಲೆ ಕುಳಿತ ಯಜಮಾನನಿಗೆ ಕಾಣದ ಸಂಗತಿಯು ಟೇಬಲು ಒರೆಸುವ ಮಾಣಿಗೆ ಕಾಣುತ್ತದೆಂಬುದನ್ನು ಹೋಟೆಲು ವೃತ್ತಿಯಲ್ಲಿ ಬೆಳೆದ ನಾವೆಲ್ಲರೂ ಬಲ್ಲೆವು. ಗಿರಾಕಿಯು ಯಾವ ಕುರ್ಚಿಯನ್ನು ಬಿಟ್ಟು ಯಾವುದರಲ್ಲಿ ಕೂರುತ್ತಾನೆ, ಯಾವ ಲೋಟವು ಅವನ ಕೈ ಸುಡುತ್ತದೆ, ಕೈತೊಳೆಯುವ ಸ್ಥಳವನ್ನು ಹುಡುಕುತ್ತ ಎಲ್ಲಿ ತಡವರಿಸುತ್ತಾನೆ ಎಂಬುದೆಲ್ಲ ಮಾಣಿಗೆ ಗೊತ್ತು. ಇಂತಹ ನೋಟವನ್ನೇ ಒಂದು ವಿದ್ಯೆಯನ್ನಾಗಿ ಬೆಳೆಸಿದವರಲ್ಲಿ ಅಮೆರಿಕದ ಹೆನ್ರಿ ಡ್ರೈಫಸ್ಸನು ಪ್ರಮುಖನು. ಇಂದು ಮೊಬೈಲು ಮತ್ತು ಗಣಕಯಂತ್ರಗಳ ಪರದೆಗಳನ್ನು ಜನರಿಗೆ ಅನುಕೂಲವಾಗುವಂತೆ ರೂಪಿಸುವ ವಿನ್ಯಾಸಕಾರರು ಅನುಸರಿಸುವ ಹಲವು ಪದ್ಧತಿಗಳು ಆತನ ಕೆಲಸದಲ್ಲಿ ಆಗಲೇ ಇದ್ದವು.

ಡ್ರೈಫಸ್ಸನು 1904ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್ನಿನಲ್ಲಿ ಜನಿಸಿದನು. ನಾಟಕಮಂದಿರಗಳಿಗೆ ಬೇಕಾದ ಸಾಮಗ್ರಿಗಳನ್ನು ಒದಗಿಸುವುದು ಅವನ ಮನೆತನದ ಉದ್ಯೋಗ. ನಾರ್ಮನ್ ಬೆಲ್ ಗೆಡ್ಡಿಸ್ ಎಂಬ ಪ್ರಸಿದ್ಧ ರಂಗವಿನ್ಯಾಸಕಾರನ ಬಳಿ ಪಳಗಿ, 1929ರಲ್ಲಿ ಅವನು ಸ್ವಂತ ಕಚೇರಿಯನ್ನು ತೆರೆದನು.

ಆರಂಭದ ದಿನಗಳ ಒಂದು ಪ್ರಸಂಗವು ನಮ್ಮವರಿಗೆ ವಿಶೇಷವಾಗಿ ಹಿಡಿಸುವಂತಹುದು. ಅಯೋವಾ ಪ್ರಾಂತದ ಸೂ ಸಿಟಿಯಲ್ಲಿ ವೈಭವದ ಚಿತ್ರಮಂದಿರವೊಂದಿತ್ತು. ಟಿಕೆಟಿನ ದರವನ್ನು ಇಳಿಸಿದರೂ ಅಲ್ಲಿಗೆ ಜನರು ಬರಲಿಲ್ಲ. ಹತ್ತಿರದ ಸಾಧಾರಣ ಚಿತ್ರಮಂದಿರವಾದರೋ ತುಂಬಿ ತುಳುಕುತ್ತಿತ್ತು. ಡ್ರೈಫಸ್ಸನು ಬಾಗಿಲಲ್ಲಿ ನಿಂತು, ಬರುಹೋಗುವವರ ಮಾತುಗಳಿಗೆ ಕಿವಿಗೊಟ್ಟನು. ಕಾರಣವು ತಿಳಿಯಿತು. ಊರಿನ ರೈತರೂ ಕೂಲಿಗಾರರೂ ಕೆಸರು ಮೆತ್ತಿದ ತಮ್ಮ ಬೂಟುಗಳಿಂದ ಒಳಗಿನ ಬೆಲೆಬಾಳುವ ರತ್ನಗಂಬಳಿಯನ್ನು ತುಳಿಯಲು ಅಂಜುತ್ತಿದ್ದರು. ಗಂಬಳಿಯನ್ನು ಕೀಳಿಸಿ ಬರಿಯ ರಬ್ಬರಿನ ಚಾಪೆಯನ್ನು ಹಾಸಿಸಿದೊಡನೆ ಮಂದಿರವು ತುಂಬಿತು. ಯಾರ ಗೌರವಕ್ಕೆಂದು ಗಂಬಳಿಯನ್ನು ಹಾಸಿತ್ತೋ ಅವರನ್ನೇ ಅದು ಹೊರಗೆ ನಿಲ್ಲಿಸಿತ್ತು!

1930ರ ಸುಮಾರಿಗೆ ಬೆಲ್ ಟೆಲಿಫೋನ್ ಪ್ರಯೋಗಶಾಲೆಯವರು ಭವಿಷ್ಯದ ಟೆಲಿಫೋನಿನ ಚಿತ್ರವನ್ನು ಬರೆದುಕೊಡಲು ಕೆಲವು ಕಲಾವಿದರನ್ನು ಕೇಳಿದರು. ಒಬ್ಬೊಬ್ಬರಿಗೆ ಸಾವಿರ ಡಾಲರು. ಒಳಗಿನ ಯಂತ್ರವನ್ನು ಅರಿಯದೆ ಹೊರಗಿನ ಚಂದವನ್ನು ಮಾತ್ರ ಬರೆಯಲಾರೆನೆಂದೂ, ಎಂಜಿನಿಯರುಗಳ ಜೊತೆಯಲ್ಲಿ ಕುಳಿತು ಕೆಲಸ ಮಾಡಬೇಕೆಂದೂ ಹೇಳಿ ಡ್ರೈಫಸ್ಸನು ಹಣವನ್ನು ನಿರಾಕರಿಸಿದನು. ಕೆಲಕಾಲದ ಮೇಲೆ ಸಂಸ್ಥೆಯು ಅವನ ಷರತ್ತಿಗೆ ಒಪ್ಪಿ ಅವನನ್ನೇ ಕರೆಯಿತು. 1949ರಲ್ಲಿ ಹೊರಬಂದ ಅವರ 500ನೆಯ ಮಾದರಿಯ ಟೆಲಿಫೋನು ದಶಕಗಳ ಕಾಲ ಅಮೆರಿಕದ ಮನೆಮನೆಯಲ್ಲಿತ್ತು. ಅದರಲ್ಲಿ ಅಂಕಿಗಳನ್ನು ಬೆರಳಿಡುವ ತೂತುಗಳ ಹೊರಸುತ್ತಿಗೆ ತಂದಿದ್ದರು, ಕೈ ಅವನ್ನು ಮರೆಮಾಡಬಾರದೆಂದು. ಆದರೆ ಬೆರಳಿಗೆ ಗುರಿಯಿಲ್ಲದೆ ತಿರುಗಿಸುವುದು ನಿಧಾನವಾಗುತ್ತದೆಂದು ಪ್ರಯೋಗಶಾಲೆಯ ಪರೀಕ್ಷೆಯಲ್ಲಿ ಕಂಡಿತು. ಪ್ರತಿ ತೂತಿನ ತಳದಲ್ಲಿ ಒಂದು ಚುಕ್ಕೆಯನ್ನಿಟ್ಟರು. ತೊಡಕು ನೀಗಿತು.

1938ರ ‘ಟ್ವೆಂಟಿಯತ್ ಸೆಂಚುರಿ ಲಿಮಿಟೆಡ್’ ರೈಲಿಗೆ ಎಂಜಿನಿನ ಹೊರರೂಪದಿಂದ ಹಿಡಿದು ಊಟದ ಡಬ್ಬಿಯ ತಟ್ಟೆಗಳವರೆಗೆ ಎಲ್ಲವನ್ನೂ ಅವನ ಕಚೇರಿಯು ರೂಪಿಸಿತು. ಟ್ರ್ಯಾಕ್ಟರುಗಳ ಕೆಲಸ ಬಂದರೆ ಟ್ರ್ಯಾಕ್ಟರನ್ನು ನಡೆಸಿ ನೋಡುವುದು, ಹೊಲಿಗೆಯಂತ್ರದ ಕೆಲಸ ಬಂದರೆ ಬಟ್ಟೆ ಹೊಲಿದು ನೋಡುವುದು ಅವನ ಕ್ರಮ. ವಸ್ತುವು ತಯಾರಾಗುವ ಮೊದಲೇ ಅದರ ಮಾದರಿಯನ್ನು ಮಾಡಿ ಪರೀಕ್ಷಿಸುತ್ತಿದ್ದನು. ಗಿರಾಕಿಗಳೆದುರು ಕುಳಿತಾಗ, ಅವರಿಗೆ ನೇರವಾಗಿ ಕಾಣಲೆಂದು ಚಿತ್ರವನ್ನು ತಲೆಕೆಳಗಾಗಿ ಬರೆಯುವುದನ್ನು ರೂಢಿಸಿಕೊಂಡಿದ್ದನು. ಉಪಯೋಗ ಮತ್ತು ಸುರಕ್ಷತೆ, ನಿರ್ವಹಣೆ, ಖರ್ಚು, ಮಾರಾಟ, ಅಂದ ಎಂಬ ಐದು ಒರೆಗಲ್ಲುಗಳನ್ನು ಅವನು ಇಟ್ಟುಕೊಂಡಿದ್ದನು. ಅಂದಕ್ಕೆ ಕೊನೆಯ ಸ್ಥಾನ.

1955ರಲ್ಲಿ ‘ಡಿಸೈನಿಂಗ್ ಫಾರ್ ಪೀಪಲ್’ ಎಂಬ ಗ್ರಂಥವನ್ನು ಪ್ರಕಟಿಸಿದನು. ಅದರಲ್ಲಿ ಜೋ ಮತ್ತು ಜೋಸೆಫಿನ್ ಎಂಬ ಕಲ್ಪಿತ ಗಂಡುಹೆಣ್ಣುಗಳ ದೇಹದ ಅಳತೆಗಳು ಬಂದವು. ಸಹೋದ್ಯೋಗಿ ಆಲ್ವಿನ್ ಟಿಲ್ಲಿಯ ಶ್ರಮದಿಂದ ಕೂಡಿದ ಈ ಅಳತೆಗಳೇ 1960ರಲ್ಲಿ ‘ದಿ ಮೆಷರ್ ಆಫ್ ಮ್ಯಾನ್’ ಎಂಬ ಕೈಪಿಡಿಯಾದವು. ಕೈ ಎಷ್ಟು ದೂರ ಚಾಚುತ್ತದೆ, ಕುಳಿತವನ ಮೊಣಕಾಲು ಎಷ್ಟು ಎತ್ತರವಿರುತ್ತದೆ ಎಂಬುದನ್ನು ವಿನ್ಯಾಸಕಾರರು ಅದರಿಂದ ತಿಳಿಯಬಹುದಾಗಿತ್ತು. ಆದರೆ ಅವು ಅಮೆರಿಕದವರ ಅಳತೆಗಳೆಂಬುದನ್ನು ಮರೆಯಬಾರದು. ನಮ್ಮ ಅಡುಗೆಮನೆಯ ಕಟ್ಟೆಯ ಎತ್ತರಕ್ಕೆ ನಮ್ಮವರನ್ನೇ ಅಳೆಯಬೇಕು. ಅವನ ಕೊನೆಯ ಗ್ರಂಥ ‘ಸಿಂಬಲ್ ಸೋರ್ಸ್‌ಬುಕ್’ 1972ರಲ್ಲಿ ಹೊರಬಂದಿತು. ಭಾಷೆ ಬಾರದವರಿಗೂ ದಾರಿ ತೋರಿಸುವ ಸಂಕೇತಗಳ ಸಂಗ್ರಹವದು. ಪರಭಾಷೆಯ ನಗರಕ್ಕೆ ಬಂದಿಳಿದು ಬೋರ್ಡು ಓದಲಾರದೆ ನಿಂತವರಿಗೆ ಅದರ ಬೆಲೆಯನ್ನು ವಿವರಿಸಬೇಕಾಗಿಲ್ಲ.

1965ರಲ್ಲಿ ಅಮೆರಿಕದ ಕೈಗಾರಿಕಾ ವಿನ್ಯಾಸಕಾರರ ಸಂಘದ ಪ್ರಥಮ ಅಧ್ಯಕ್ಷನಾದ ಈತನ ಕೆಲಸದಲ್ಲಿ ಪತ್ನಿ ಡೋರಿಸ್ ಮಾರ್ಕ್ಸ್ ಆದಿಯಿಂದಲೂ ಸಹಭಾಗಿನಿ. ಆಕೆಯು ಗುಣವಾಗದ ರೋಗಕ್ಕೆ ತುತ್ತಾಗಲು, 1972ರ ಅಕ್ಟೋಬರ್ 5ರಂದು ದಂಪತಿಗಳಿಬ್ಬರೂ ಒಟ್ಟಿಗೆ ಪ್ರಾಣ ತ್ಯಜಿಸಿದರು. ಇಷ್ಟು ಜನರ ನಿತ್ಯದ ಕಷ್ಟವನ್ನು ಕಡಮೆ ಮಾಡಿದವನ ಅಂತ್ಯವು ಹೀಗಾದುದು ದುಃಖದ ಸಂಗತಿ.

ಯಂತ್ರವನ್ನು ಬಳಸಲು ಬಾರದವನನ್ನು ದಡ್ಡನೆನ್ನುವುದು ಲೋಕರೂಢಿ. ಡ್ರೈಫಸ್ಸನು ದೋಷವನ್ನು ಮನುಷ್ಯನಲ್ಲಿ ಹುಡುಕದೆ ವಸ್ತುವಿನಲ್ಲಿ ಹುಡುಕಿದನು. ಬ್ಯಾಂಕಿನ ಯಂತ್ರದ ಮುಂದೆ, ಮೊಬೈಲಿನ ಅರ್ಜಿಯ ಮುಂದೆ ತಬ್ಬಿಬ್ಬಾಗಿ ನಾಚುವ ನಮ್ಮ ಬಂಧುಗಳು ಇದನ್ನು ನೆನಪಿನಲ್ಲಿಟ್ಟುಕೊಳ್ಳಲಿ. ಅಂಗಡಿಯ ಯಜಮಾನರು ದಿನಕ್ಕೊಂದು ಗಳಿಗೆ ಗಲ್ಲೆಯಿಂದಿಳಿದು, ಗಿರಾಕಿಯ ಕುರ್ಚಿಯಲ್ಲಿ ಕುಳಿತು ನೋಡಲಿ.